ಚರಂಡಿ ಮುಖಾಂತರ

ಹೊಳಲ್ಕೆರೆಯಿಂದ ಹೊಸದುರ್ಗಕ್ಕೆ ಹೋಗುವ ರಸ್ತೆಯಲ್ಲಿರುವ ತುಂಬೆಕಟ್ಟೆ ಪಟ್ಟಣ ಪಂಚಾಯಿತಿಯು, ಚರಂಡಿಯ ಕೆಸರಿನಿಂದ ಡೀಸೆಲ್ ತಯಾರಿಸುವ ಘಟಕವನ್ನು ಯಾವ ಅಡ್ಡಿಯೂ ಇಲ್ಲದೆ ಉದ್ಘಾಟಿಸಿತು. ಘಟಕದಲ್ಲಿ ಡೀಸೆಲ್ ಒಂದನ್ನು ಬಿಟ್ಟು ಬೇಕಾದ್ದೆಲ್ಲ ಇತ್ತು. ಕಾಂಪೌಂಡು ಇತ್ತು, ಕಾವಲುಗಾರನಿದ್ದ, ಉದ್ಘಾಟಿಸಿದವರ ಹೆಸರು ಕೆತ್ತಿದ ಕಪ್ಪು ಕಲ್ಲಿತ್ತು. ಯಂತ್ರವನ್ನು ನಡೆಸಲು ಜನರೇಟರ್ ಇತ್ತು. ಜನರೇಟರ್ ಹೊಸದುರ್ಗ ರಸ್ತೆಯ ಬಂಕಿನ ಡೀಸೆಲ್ಲಿನಿಂದ ನಡೆಯುತ್ತಿತ್ತು.

ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಕಿರಿಯ ಎಂಜಿನಿಯರ್ ದೇವಿಕಾ ಸಾಮಾನ್ಯ ಸಭೆಯಲ್ಲಿ ಸದಸ್ಯರಿಗೆ ವಿವರಿಸಿದ್ದರು. ಕೆಸರನ್ನು ಒಣಗಿಸಬೇಕು. ಅದರೊಳಗಿನ ಜಿಡ್ಡನ್ನು ಬೇರೆ ಮಾಡಬೇಕು. ಜಿಡ್ಡಿಗೆ ಮೆಥನಾಲ್ ಎಂಬ ಸ್ಪಿರಿಟ್ಟು ಹಾಕಿ ಕಾಸಿದರೆ ಮೇಲೆ ತೇಲುವುದು ಡೀಸೆಲ್, ತಳಕ್ಕೆ ಕೂರುವುದು ಗ್ಲಿಸರಿನ್. ಮೇಲಿನದನ್ನು ಬಸಿದುಕೊಂಡು, ನೀರಿನಲ್ಲಿ ತೊಳೆದು, ಆರಿಸಿದರೆ ಪಂಚಾಯಿತಿಯ ಕಸದ ಆಟೊಗಳು ಓಡುತ್ತವೆ. ಸದಸ್ಯರು ಮೇಜು ಕುಟ್ಟಿ ಒಪ್ಪಿದರು. ಒಬ್ಬ ಸದಸ್ಯರು ಮಾತ್ರ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದರು. ಚರಂಡಿಗೆ ಎಂದಾಗ ಅವರಿಗೂ ಸಮಾಧಾನವಾಯಿತು.

ಮೊದಲ ಸಲ ಒಂದು ಟ್ರ್ಯಾಕ್ಟರ್ ಕೆಸರು ಹಾಕಿ ಯಂತ್ರ ನಡೆಸಲಾಗಿ, ಔಷಧಿ ಬಾಟಲಿಯ ತಳ ಮುಚ್ಚುವಷ್ಟು ಕಪ್ಪು ದ್ರವ ಬಂದಿತು. ಮುಖ್ಯಾಧಿಕಾರಿ ಕಾಟಲಿಂಗಪ್ಪನವರು ಅದಕ್ಕೆ ಉರಿಯುವ ಬೆಂಕಿಕಡ್ಡಿ ಹಿಡಿದರು. ಕಡ್ಡಿ ನಂದಿತು. ಇದನ್ನು ಅವರು ‘ಅಗ್ನಿ ಸುರಕ್ಷತೆಯ ದೃಷ್ಟಿಯಿಂದ ತೃಪ್ತಿಕರ’ ಎಂದು ದಾಖಲಿಸಿ, ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರು. ತುಂಬೆಕಟ್ಟೆಯ ಕೆಸರಿನಲ್ಲಿ ಜಿಡ್ಡೇ ಇಲ್ಲ ಎಂದು ಪ್ರಯೋಗಾಲಯದವರು ಬರೆದರು.

"ಯಾಕಿಲ್ಲ?" ಎಂದು ಕಾಟಲಿಂಗಪ್ಪನವರು ದೇವಿಕಾ ಅವರನ್ನು ಕೇಳಿದರು.

"ಇಲ್ಲಿ ಜನ ಜಿಡ್ಡು ತಿನ್ನಲ್ಲ ಸಾರ್. ರಾಗಿಮುದ್ದೆ, ಬಸ್ಸಾರು. ಒಳಗೆ ಹೋಗದೆ ಇರೋದು ಹೊರಗೆಲ್ಲಿಂದ ಬರ್ತದೆ."

"ಯೋಜನಾ ವರದಿ ಮಾಡಿದೋರು ಇದನ್ನ ನೋಡ್ಲಿಲ್ವಾ?"

"ಅವರು ಬೇರೆ ಊರಿನ ಕೆಸರು ನೋಡಿ ಬರ್ದಿದ್ದಾರೆ ಸಾರ್."

ಕಾಟಲಿಂಗಪ್ಪನವರು ನಿವೃತ್ತಿಗೆ ಹತ್ತಿರವಿದ್ದರು. ಘಟಕ ನಿಂತರೆ ಖರ್ಚಾದದ್ದಕ್ಕೆ ತಾವು ಉತ್ತರ ಕೊಡಬೇಕು, ಘಟಕ ನಡೆದರೆ ಯಾರೂ ಏನೂ ಕೇಳುವುದಿಲ್ಲ ಎಂಬುದು ಅವರ ದೀರ್ಘ ಸೇವೆಯ ಅನುಭವವಾಗಿತ್ತು. ಆದ್ದರಿಂದ ಊರಿನ ಎಲ್ಲ ಚರಂಡಿಗಳಿಂದ ಬೇರೆ ಬೇರೆಯಾಗಿ ಮಾದರಿ ತೆಗೆಯಲು ಆದೇಶಿಸಿದರು. ಒಂದೇ ಒಂದು ಚರಂಡಿಯಲ್ಲಿ ಜಿಡ್ಡು ಧಾರಾಳವಾಗಿ ಸಿಕ್ಕಿತು. ಅದು ಬಸ್ ನಿಲ್ದಾಣದ ಪಕ್ಕದಲ್ಲಿ, ಬೊಮ್ಮಕ್ಕನ ಗಾಡಿಯ ಹಿಂದೆ ಹರಿಯುತ್ತಿದ್ದ ಚರಂಡಿ.

ಬೊಮ್ಮಕ್ಕ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾರುವ ಹೆಂಗಸು. ಚಿಕ್ಕಜಾಜೂರಿನ ರೈಲು ಹಿಡಿಯುವವರು, ಹೊಸದುರ್ಗದ ಬಸ್ಸು ತಪ್ಪಿಸಿಕೊಂಡವರು ಎಲ್ಲರೂ ಅವಳಲ್ಲಿ ಒಂದು ಪ್ಲೇಟು ತಿಂದೇ ಹೋಗುತ್ತಿದ್ದರು. ಅವಳ ಗಂಡ ಚಿತ್ರಲಿಂಗಪ್ಪ ಕುರಿ ಮೇಯಿಸಿಕೊಂಡು ಊರೂರು ತಿರುಗಿದವನು. ಮೊಣಕಾಲು ಹೋದ ಮೇಲೆ ಕುರಿಗಳನ್ನು ತಮ್ಮನಿಗೆ ವಹಿಸಿ, ಗಾಡಿಯ ಪಕ್ಕ ಕಾಲು ಚಾಚಿ ಕೂತು ಈರುಳ್ಳಿ ಹೆಚ್ಚುತ್ತಿದ್ದ. ಕರಿದು ಕಪ್ಪಾದ ಎಣ್ಣೆಯನ್ನು ಚರಂಡಿಗೆ ಸುರಿದದ್ದಕ್ಕಾಗಿ ಬೊಮ್ಮಕ್ಕನಿಗೆ ಪಂಚಾಯಿತಿ ಹಲವು ಸಲ ದಂಡ ಹಾಕಿತ್ತು. ಕೊನೆಗೆ ಗಾಡಿಯನ್ನೇ ಎತ್ತಿಸಬೇಕೆಂದು ನೋಟಿಸೂ ಕೊಟ್ಟಿತ್ತು. ಆ ಗಾಡಿ ಹೋದರೆ ಅವರಿಗೆ ಬೇರೆ ದಾರಿ ಇರಲಿಲ್ಲ.

ಹೀಗಿರುವಾಗ ಜೀಪು ಬಂದು ನಿಂತದ್ದು ನೋಡಿ ಅವಳು ಸ್ಟೌ ಆರಿಸಿ, ಬಾಣಲೆ ಇಳಿಸಿ, ಮಂಡಕ್ಕಿ ಚೀಲದ ಬಾಯಿ ಕಟ್ಟಿದಳು.

"ಎತ್ಕಂಡು ಹೋಗ್ತೀನಿ ಸಾಹೇಬ್ರೆ. ಒಂದೀಟು ಹೊತ್ತು ಕೊಡ್ರಿ."

"ಎಲ್ಲಿಗೆ ಹೋಗ್ತೀರಿ? ಕುಂತ್ಕಳ್ರಿ ಬೊಮ್ಮಕ್ಕ," ಎಂದರು ಕಾಟಲಿಂಗಪ್ಪ. "ಇನ್ನು ಮುಂದೆ ಎಣ್ಣೆ ಚರಂಡಿಗೇ ಹುಯ್ಯಬೇಕು."

"ಹುಯ್ದಿದ್ದಕ್ಕೆ ಅಲ್ಲೇನ್ರಿ ದಂಡ ಹಾಕಿದ್ದು?"

"ಅದು ಹಿಂದಿನ ಆದೇಶ. ಈಗ ಹುಯ್ಯದಿದ್ರೆ ದಂಡ."

ಬೊಮ್ಮಕ್ಕ ಯೋಚಿಸಿದಳು. "ನಾನು ಒಂದೇ ಎಣ್ಣೇನ ವಾರಗಟ್ಲೆ ಕಾಸ್ತೀನಿ. ದಿನಾ ಹುಯ್ಯಾಕೆ ನನ್ನ ಹತ್ರ ಎಲ್ಲೈತೆ? ನೀವು ಎಣ್ಣೆ ಕೊಟ್ರೆ ನಾನು ಹುಯ್ತೀನಿ."

ಹೀಗೆ ಬೊಮ್ಮಕ್ಕನ ಗಾಡಿಯನ್ನು ‘ಕಚ್ಚಾ ಇಂಧನ ಮೂಲ’ ಎಂದು ಘೋಷಿಸಲಾಯಿತು. ಅದನ್ನು ಎತ್ತಿಸುವ ನೋಟಿಸು ರದ್ದಾಯಿತು, ಎಣ್ಣೆಯ ಡಬ್ಬಗಳು ಪಂಚಾಯಿತಿ ಗೋದಾಮಿನಿಂದ ಬರತೊಡಗಿದವು. ಡಬ್ಬ ಪೂರೈಸುವ ಗುತ್ತಿಗೆಯು ಯಂತ್ರ ಪೂರೈಸಿದ ಮುರುಗೇಶನಿಗೇ ಸಿಕ್ಕಿತು. ಟೆಂಡರ್ ಕರೆದಾಗ ಬೇರೆ ಯಾರೂ ಬರಲಿಲ್ಲ. ಕರೆದ ವಿಷಯ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಒಂದು ಗಾಡಿಯ ಜಿಡ್ಡು ಒಂದು ಯಂತ್ರಕ್ಕೆ ಸಾಲದು. ಆದಕಾರಣ ಪಂಚಾಯಿತಿಯು ‘ಜಿಡ್ಡು ಜಾಗೃತಿ ಅಭಿಯಾನ’ವನ್ನು ಕೈಗೊಂಡಿತು. ಬೆಳಿಗ್ಗೆ ಕಸ ಒಯ್ಯಲು ಬರುವ ಆಟೊದ ಮೈಕಿನಲ್ಲಿ ಹೀಗೆ ಕೇಳಿಬಂತು:

"ಮಾನ್ಯ ನಾಗರಿಕರೇ, ತಾವು ತಿನ್ನುವುದು ತಮ್ಮ ಹೊಟ್ಟೆಗಾದರೂ ಅದರ ಪ್ರಯೋಜನ ಊರಿಗೆ. ಪ್ರತಿ ಕುಟುಂಬವು ದಿನಕ್ಕೊಮ್ಮೆ ಕರಿದ ಪದಾರ್ಥ ಸೇವಿಸಿ, ತದನಂತರ ಒಳಚರಂಡಿ ಸಂಪರ್ಕವಿರುವ ಶೌಚಾಲಯವನ್ನೇ ಬಳಸತಕ್ಕದ್ದು. ಬಯಲಿಗೆ ಹೋಗುವುದು ಇಂಧನ ಕಳ್ಳಸಾಗಣೆ ಎಂದು ಪರಿಗಣಿಸಲಾಗುವುದು."

ಜನ ಮೊದಲ ದಿನ ನಕ್ಕರು. ನಲ್ಲಿ ನೀರಿಗೂ ಕರಿದ ಪದಾರ್ಥಕ್ಕೂ ಸಂಬಂಧ ಕಲ್ಪಿಸಿದ ಮೇಲೆ ತಿನ್ನತೊಡಗಿದರು. ತಿಂದದ್ದಕ್ಕೆ ಬೊಮ್ಮಕ್ಕನಿಂದ ಚೀಟಿ ತಂದರೆ ನಲ್ಲಿಯಲ್ಲಿ ನೀರು ಬರುತ್ತಿತ್ತು, ಇಲ್ಲದಿದ್ದರೆ ಗಾಳಿ. ಬೆಳಗಾಗುವ ಮುಂಚೆಯೇ ಗಾಡಿಯ ಮುಂದೆ ಸಾಲು. ಬಿ.ದುರ್ಗದ ಕಡೆಯಿಂದ ಸಂತೆಗೆ ಬಂದ ರೈತರು ಈ ಊರಿನಲ್ಲಿ ಯಾರ ಮದುವೆ ಎಂದು ಕೇಳಿದರು.

ತೊಂದರೆಯಾದದ್ದು ಬಿಪಿ, ಶುಗರ್ ಇದ್ದವರಿಗೆ. ಅವರು ವೈದ್ಯರ ಚೀಟಿ ಹಿಡಿದು ಕಚೇರಿಗೆ ಬಂದರು. ಕಾಟಲಿಂಗಪ್ಪನವರು ಹೃದಯವಂತರು, ಅವರಿಗೂ ಶುಗರ್ ಇತ್ತು. ತಿನ್ನಲಾಗದವರು ತಮ್ಮ ಪರವಾಗಿ ಒಬ್ಬರನ್ನು ನೇಮಿಸಬಹುದು ಎಂಬ ಅವಕಾಶವನ್ನು ಆ ದಿನವೇ ಕಲ್ಪಿಸಿದರು. ಹುದ್ದೆಯ ಹೆಸರು ಬದಲಿ ಭೋಜಕ. ದಿನಗೂಲಿ ಆಧಾರ. ಹುದ್ದೆಗೆ ಚಿತ್ರಲಿಂಗಪ್ಪ ನೇಮಕವಾದ.

ಹೆಂಡತಿಗೆ ಇದು ಅಷ್ಟು ಹಿಡಿಸಲಿಲ್ಲ. ಅವನಿಗೆ ಮಾತ್ರ ಹೆಮ್ಮೆಯಾಯಿತು. "ಕುರಿ ಮೇಯಿಸ್ವಾಗ ನೋಡಿಲ್ವೇನೆ? ಒಂದು ರಾತ್ರಿ ನಮ್ಮ ಹೊಲದಾಗೆ ಮಂದೆ ನಿಲ್ಲಿಸ್ರಪ್ಪ ಅಂತ ಗೌಡ್ರು ರಾಗಿ ಅಳೆದು ಕೊಡ್ತಿದ್ರು. ಯಾಕೆ, ಹಿಕ್ಕೆಗೆ. ಕುರೀದಕ್ಕಿದ್ದ ಬೆಲೆ ಈಗ ಮನುಷ್ಯಂದಕ್ಕೂ ಬಂತು ಅನ್ಕ. ಇಷ್ಟು ವರ್ಷ ನಾವು ಸುಮ್ನೆ ಕಳ್ಕಂಡ್ವಿ."

ಅವನು ನಿಷ್ಠೆಯಿಂದ ತಿಂದ. ಪಶುವೈದ್ಯರ ಪರವಾಗಿ ತಿಂದ, ಗುಡಿಯ ಪೂಜಾರಿಯ ಪರವಾಗಿ ತಿಂದ, ಮುಖ್ಯಾಧಿಕಾರಿಗಳ ಪರವಾಗಿ ಎರಡು ಪ್ಲೇಟು ತಿಂದ. ಮಧ್ಯಾಹ್ನಕ್ಕೆ ಬಸ್ ನಿಲ್ದಾಣದ ಸಾರ್ವಜನಿಕ ಶೌಚಾಲಯಕ್ಕೆ ಹೋಗಿ ಬರುತ್ತಿದ್ದ. ಹಾಜರಿ ಹಾಕುತ್ತಿದ್ದುದು ತಿಂದಾಗ ಅಲ್ಲ, ಹೊರಗೆ ಬಂದಾಗ. ಎರಡು ದಿನ ಮಲಬದ್ಧತೆಯಾಗಿದ್ದಕ್ಕೆ ಅವನಿಗೆ ಗೈರುಹಾಜರಿ ಬಿತ್ತು. ಅವನು ವಾದ ಮಾಡಲಿಲ್ಲ. ಕೆಲಸ ಆಗದಿದ್ದ ಮೇಲೆ ಕೂಲಿ ಕೇಳುವುದು ತಪ್ಪು ಎಂದು ಹೆಂಡತಿಗೇ ಬುದ್ಧಿ ಹೇಳಿದ.

ಮೈ ತುಂಬಿಕೊಂಡಿತು. ಮುಖಕ್ಕೆ ಹೊಳಪು ಬಂತು. ಒಂದು ಸಂತೆಯ ದಿನ ಪೂಜಾರಿಯ ಪಾಲಿನ ಬಜ್ಜಿಯನ್ನು ಬಾಯಿಗಿಟ್ಟವನು ಎದೆ ಒತ್ತಿಕೊಂಡು ಗಾಡಿಯ ಚಕ್ರಕ್ಕೆ ಒರಗಿದ. ಹೆಚ್ಚಿದ ಈರುಳ್ಳಿ ಮಡಿಲಿನಿಂದ ಚೆಲ್ಲಿತು. ಬೊಮ್ಮಕ್ಕ ಸೌಟು ಹಿಡಿದುಕೊಂಡೇ ಆಟೊ ಹತ್ತಿದಳು. ಹೊಳಲ್ಕೆರೆಯಲ್ಲಿ ನೋಡಿ, ದುರ್ಗಕ್ಕೆ ಒಯ್ಯಿರಿ ಎಂದರು. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರು, ಹೃದಯದ ರಕ್ತನಾಳದಲ್ಲಿ ಜಿಡ್ಡು ಕಟ್ಟಿದೆ, ಬೇಗ ತಂದಿರಿ, ಉಳಿದುಕೊಂಡರು ಎಂದರು.

ಬೊಮ್ಮಕ್ಕ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಳು. ಸೌಟು ಇನ್ನೂ ಕೈಯಲ್ಲಿತ್ತು. ಅವನು ತಿಂದ ಬಜ್ಜಿ ಒಂದೊಂದನ್ನೂ ತಾನೇ ಕರಿದದ್ದು ಎಂಬುದು ಅವಳಿಗೆ ಅಲ್ಲಿ ಹೊಳೆಯಿತು. ಇನ್ನೊಂದು ಹಾಕಲಾ ಎಂದು ದಿನವೂ ಅವಳೇ ಕೇಳುತ್ತಿದ್ದಳು, ಎರಡು ಹಾಕು ಎಂದು ಅವನು ಹೇಳುತ್ತಿದ್ದ. ಗಾಡಿ ಉಳಿಯಿತಲ್ಲ ಎಂದು ಇಬ್ಬರೂ ಖುಷಿಯಾಗಿದ್ದರು. ಅವಳು ಸೆರಗಿನಿಂದ ಸೌಟು ಒರೆಸಿದಳು, ಮತ್ತೆ ಒರೆಸಿದಳು. ಅದರ ಜಿಡ್ಡು ಹೋಗಲಿಲ್ಲ.

ಮೂರನೆಯ ದಿನ ಪಂಚಾಯಿತಿಯಿಂದ ಜವಾನ ಹಣ್ಣನ್ನೂ ಒಂದು ಲಕೋಟೆಯನ್ನೂ ತಂದುಕೊಟ್ಟ. ಲಕೋಟೆಯಲ್ಲಿದ್ದುದನ್ನು ನರ್ಸು ಓದಿ ಹೇಳಿದಳು.

"ತಾವು ಪಂಚಾಯಿತಿ ವೆಚ್ಚದಲ್ಲಿ ಸೇವಿಸಿದ ಜಿಡ್ಡನ್ನು ಚರಂಡಿಗೆ ಬಿಡದೆ, ಸ್ವಂತ ಹೃದಯದಲ್ಲಿ ಅನಧಿಕೃತವಾಗಿ ದಾಸ್ತಾನು ಮಾಡಿಕೊಂಡಿರುವುದು ವೈದ್ಯಕೀಯ ವರದಿಯಿಂದ ಕಂಡುಬಂದಿರುತ್ತದೆ. ಈ ಬಗ್ಗೆ ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು."

ಚಿತ್ರಲಿಂಗಪ್ಪ ಮಲಗಿದ್ದಲ್ಲಿಂದಲೇ ಕೈಮುಗಿದ. "ಬೇಕಂತ ಇಟ್ಕಂಡಿಲ್ಲ ಅಂತ ಬರೀರವ್ವ," ಎಂದು ನರ್ಸಿಗೆ ಹೇಳಿದ.

ಬೊಮ್ಮಕ್ಕ ಎದ್ದಳು. ಬಸ್ಸು ಹತ್ತಿ ತುಂಬೆಕಟ್ಟೆಯಲ್ಲಿ ಇಳಿದು, ಗಾಡಿಯ ಬಾಣಲೆಯನ್ನು ಎಣ್ಣೆ ಸಮೇತ ಹೊತ್ತು ಕಚೇರಿಗೆ ನಡೆದಳು. ಮುಖ್ಯಾಧಿಕಾರಿಗಳ ಕೋಣೆಯಲ್ಲಿ ದೇವಿಕಾ, ಮುರುಗೇಶ್ ಇಬ್ಬರೂ ಇದ್ದರು. ಅವಳು ಬಾಣಲೆಯನ್ನು ಮೇಜಿನ ಗಾಜಿನ ಮೇಲಿಟ್ಟಳು.

"ತಗಳ್ರಿ. ಇನ್ನ ನಾನು ಕರಿಯಲ್ಲ."

"ಕರಿಯೋದು ಈಗ ಅಗತ್ಯ ಸೇವೆ ಬೊಮ್ಮಕ್ಕ. ಹಂಗೆಲ್ಲ ಬಿಡಂಗಿಲ್ಲ."

"ನಿಮ್ಮ ಪಾಲಿಂದೂ ತಿಂದು ಅಲ್ಲಿ ಮಲಗ್ಯವ್ರೆ. ಸತ್ತೇ ಹೋಗ್ತಿದ್ರು. ನಿಮಗೆ ಬೇಕಾಗಿರೋದು ಎಣ್ಣೆ ಅಲ್ಲೇನ್ರಿ? ಎಣ್ಣೇನೇ ಹುಯ್ಕಳ್ರಿ. ಮಧ್ಯದಾಗೆ ನಮ್ಮೆಜಮಾನ್ರ ಹೊಟ್ಟೆ ಯಾಕೆ?"

ಇಂಥ ಪ್ರಶ್ನೆ ಯೋಜನೆಯ ಯಾವ ಹಂತದಲ್ಲಿಯೂ ಯಾರಿಂದಲೂ ಬಂದಿರಲಿಲ್ಲ.

"ಮಾತು ಸರಿ ಐತೆ ಸಾರ್," ಎಂದ ಮುರುಗೇಶ್. "ಡಬ್ಬ ಒಡೆದು ನೇರ ಯಂತ್ರಕ್ಕೆ ಹಾಕಾಣ."

ಕಾಟಲಿಂಗಪ್ಪನವರು ಯೋಜನೆಯ ಸರ್ಕಾರಿ ಆದೇಶವನ್ನು ತೆಗೆದು ಕನ್ನಡಕ ಏರಿಸಿದರು. "ನೇರ ಹಾಕಂಗಿಲ್ಲಪ್ಪ. ಕಚ್ಚಾ ವಸ್ತು ‘ಚರಂಡಿ ಮುಖಾಂತರ’ ಬರತಕ್ಕದ್ದು ಅಂತ ಐತೆ. ಎಲ್ಲಿಂದ ಬರಬೇಕು ಅಂತ ಇಲ್ಲ. ಯಾವ ಮುಖಾಂತರ ಅಂತ ಮಾತ್ರ ಐತೆ."

"ಈಗಿರೋ ಚರಂಡೀಲಿ ಹುಯ್ದ್ರೆ ಎಣ್ಣೆ ಹೊಲಸಾಗ್ತದೆ ಸಾರ್," ಎಂದರು ದೇವಿಕಾ.

"ಹಂಗಾದ್ರೆ ಹೊಲಸಿಲ್ಲದ ಚರಂಡಿ ಕಟ್ಟಾಣ."

ಕಟ್ಟಿದರು. ಬೊಮ್ಮಕ್ಕನ ಗಾಡಿಯಿಂದ ಘಟಕದವರೆಗೆ ಸ್ಟೀಲಿನ ಚರಂಡಿ, ಮೇಲೆ ಗಾಜಿನ ಮುಚ್ಚಳ, ಪಕ್ಕದಲ್ಲಿ ದೀಪ. ಹಳೆಯ ಚರಂಡಿ ಅದರ ಪಕ್ಕದಲ್ಲೇ ತನ್ನ ಪಾಡಿಗೆ ಕೆರೆಯ ಕಡೆ ಹರಿಯುತ್ತಿತ್ತು. ಹೊಸದಕ್ಕೆ ಪೂಜೆ ಮಾಡಿ ಬೋರ್ಡು ಹಾಕಿದರು: ‘ಇದು ಚರಂಡಿ. ಇಲ್ಲಿ ಉಗುಳಬಾರದು, ಕೈ ತೊಳೆಯಬಾರದು, ನೀರು ಬಿಡಬಾರದು.’ ಅದರ ಬಳಿ ಚಪ್ಪಲಿ ಬಿಟ್ಟು ಹೋಗುವ ಅಭ್ಯಾಸ ಜನರಿಗೆ ತಾನಾಗಿಯೇ ಬಂತು. ಊರಿನಲ್ಲಿ ಅಷ್ಟು ಶುಭ್ರವಾದ ಜಾಗ ಇನ್ನೊಂದಿರಲಿಲ್ಲ.

ಸುರಿಯುವ ಕೆಲಸವನ್ನು ಬೊಮ್ಮಕ್ಕನಿಗೇ ಕೊಟ್ಟರು. ಅವಳು ಮೊದಲು ಒಲ್ಲೆ ಎಂದಳು. ಆಸ್ಪತ್ರೆಯ ಖರ್ಚನ್ನು ಪಂಚಾಯಿತಿ ನೋಡಿಕೊಳ್ಳುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ, ಬಜ್ಜಿ ತಿನ್ನುವುದು ಇನ್ನು ಮುಂದೆ ಐಚ್ಛಿಕ ಎಂದ ಮೇಲೆ ಒಪ್ಪಿದಳು. ಬೆಳಿಗ್ಗೆ ಎದ್ದು ಡಬ್ಬ ಒಡೆದು, ಈ ತುದಿಯಲ್ಲಿ ಒಳ್ಳೆಯ ಎಣ್ಣೆ ಸುರಿಯುತ್ತಿದ್ದಳು. ಆ ತುದಿಯಲ್ಲಿ ಅದನ್ನು ಕೆಸರು ಎಂದು ಬರೆದುಕೊಂಡು ಯಂತ್ರಕ್ಕೆ ತುಂಬುತ್ತಿದ್ದರು. ಈ ಸಲ ಬಂದ ದ್ರವಕ್ಕೆ ಕಾಟಲಿಂಗಪ್ಪನವರು ಕಡ್ಡಿ ಗೀರಿದಾಗ ಅವರ ಒಂದು ಹುಬ್ಬು ಸುಟ್ಟಿತು. ಕಚೇರಿಯಲ್ಲಿ ಸಿಹಿ ಹಂಚಿದರು.

ಒಂದು ಸಣ್ಣ ವಿಷಯವನ್ನು ದೇವಿಕಾ ಗಮನಕ್ಕೆ ತಂದರು. "ಒಂದು ಕ್ಯಾನ್ ಬರೋಕೆ ಜನರೇಟರ್ ಎರಡು ಕ್ಯಾನ್ ಡೀಸೆಲ್ ಕುಡೀತಿದೆ ಸಾರ್."

"ಅಂದ್ರೆ ಯಂತ್ರ ನಿಲ್ಲಿಸಿದ್ರೆ ಡೀಸೆಲ್ ಉಳೀತದೆ ಅಂತೀರಾ?"

"ಹೌದು ಸಾರ್."

"ಉಳಿಸಿದ್ದೇ ಗಳಿಸಿದ್ದು ಅಂತಾರೆ ಮೇಡಂ," ಎಂದ ಮುರುಗೇಶ್. "ಯಂತ್ರ ನಡೆಸದೆ ಇದ್ರೇ ಉತ್ಪಾದನೆ ಜಾಸ್ತಿ."

ಯಂತ್ರವನ್ನು ನಡೆಸದೆ ನಡೆಸಲು ತೀರ್ಮಾನವಾಯಿತು. ಅಷ್ಟರಲ್ಲಿ ಬೆಂಗಳೂರಿನಿಂದ ಪರಿಶೀಲನಾ ತಂಡ ಬರುತ್ತದೆ ಎಂಬ ಪತ್ರ ಬಂತು. ಯಂತ್ರ ನಿಂತಿತ್ತು, ಇಂಧನ ತೋರಿಸಬೇಕಿತ್ತು. ಮುರುಗೇಶ್ ಬಂಕಿನಿಂದ ಡೀಸೆಲ್ ತರಿಸಿ ಬೊಮ್ಮಕ್ಕನ ಗಾಡಿಯ ಹತ್ತಿರ ಇಳಿಸಿದ.

"ಇದು ಡೀಸೆಲ್ ಅಲ್ವಾ ಮುರುಗೇಶ್?" ಎಂದರು ದೇವಿಕಾ.

"ಇಲ್ಲಿ ಹುಯ್ವಾಗ ಡೀಸೆಲ್. ಅಲ್ಲಿ ಹಿಡಿವಾಗ ಜೈವಿಕ ಡೀಸೆಲ್. ಮಧ್ಯ ಚರಂಡಿ ಐತಲ್ಲ ಮೇಡಂ."

ದೇವಿಕಾ ಚರಂಡಿಯನ್ನು ನೋಡಿದರು. ಅವರು ಇನ್ನೂ ಪ್ರೊಬೇಷನರಿ ಅವಧಿಯಲ್ಲಿದ್ದರು. ಮೂರು ಸಲ ಪರೀಕ್ಷೆ ಬರೆದು ಸಿಕ್ಕ ಕೆಲಸ. ಇಳಿಜಾರು ಸಾಲದು, ಆ ತುದಿಯನ್ನು ಇನ್ನೊಂದಿಷ್ಟು ತಗ್ಗಿಸಬೇಕು ಎಂದು ಸೂಚಿಸಿದರು. ಅದು ತಾಂತ್ರಿಕವಾಗಿ ಸರಿಯಾದ ಸಲಹೆಯಾಗಿತ್ತು.

ತಂಡದ ಮುಖ್ಯಸ್ಥರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಕಾರಿನಿಂದ ಇಳಿದರು. ಚರಂಡಿ ನೋಡಿ ಕರವಸ್ತ್ರವನ್ನು ಜೇಬಿಗೆ ಸೇರಿಸಿದರು. ಕಸದ ಆಟೊಗೆ ಇಂಧನ ತುಂಬಿಸಿ ಓಡಿಸಿ ತೋರಿಸಲಾಯಿತು. ಮಾದರಿಯನ್ನು ಅಲ್ಲೇ ಪರೀಕ್ಷಿಸಿ, ಗುಣಮಟ್ಟ ಬಂಕಿನ ಡೀಸೆಲ್ಲಿಗೆ ಕೂದಲೆಳೆಯಷ್ಟೂ ಕಡಿಮೆ ಇಲ್ಲ, ಇಂಥದನ್ನು ದೇಶದಲ್ಲಿ ಎಲ್ಲೂ ಕಂಡಿಲ್ಲ ಎಂದರು. ನಿಂತ ಯಂತ್ರದ ಮುಂದೆ ಬಂದಾಗ, ಇಷ್ಟು ಸದ್ದಿಲ್ಲದೆ ನಡೆಯುವ ಯಂತ್ರವೂ ಅಪರೂಪ ಎಂದು ಬರೆದುಕೊಂಡರು. ಕೊನೆಗೆ ಗಾಡಿಯ ಬಳಿ ನಿಂತಿದ್ದ ಬೊಮ್ಮಕ್ಕನ ಕಡೆ ತಿರುಗಿದರು.

"ನಿಮ್ಮದೇನಮ್ಮ ಕೆಲಸ?"

"ಹುಯ್ಯೋದು ಸಾಹೇಬ್ರೆ."

"ಏನನ್ನ ಹುಯ್ತೀರಿ?"

ಕಾಟಲಿಂಗಪ್ಪನವರ ಕೈ ಸುಟ್ಟ ಹುಬ್ಬಿನ ಮೇಲೆ ಹೋಯಿತು. ಮುರುಗೇಶ್ ಖಾಲಿ ಕ್ಯಾನಿನ ಮುಂದೆ ಬಂದು ನಿಂತ. ಬೊಮ್ಮಕ್ಕ ಗಾಡಿಯ ಕಡೆ ನೋಡಿದಳು. ಚಿತ್ರಲಿಂಗಪ್ಪ ಆಸ್ಪತ್ರೆಯಿಂದ ಬಂದು ಹತ್ತು ದಿನವಾಗಿತ್ತು. ಸ್ವೆಟರ್ ಹಾಕಿಕೊಂಡು, ಚಕ್ರದ ನೆರಳಲ್ಲಿ ಕೂತು, ನಿಧಾನವಾಗಿ ಈರುಳ್ಳಿ ಸುಲಿಯುತ್ತಿದ್ದ. ಅವನ ಮಾತ್ರೆಗಳು ಪ್ರತಿ ತಿಂಗಳೂ ಪಂಚಾಯಿತಿಯಿಂದ ಬರಬೇಕಿತ್ತು.

"ನಮ್ಮೂರಿಂದು ಏನೈತೋ ಅದನ್ನೇ ಹುಯ್ತೀನ್ರಿ," ಎಂದಳು.

ಮುಖ್ಯಸ್ಥರು ‘ಸಮುದಾಯದ ಪಾಲ್ಗೊಳ್ಳುವಿಕೆ ಹೃದಯಸ್ಪರ್ಶಿ’ ಎಂದು ವರದಿಯಲ್ಲಿ ಸೇರಿಸಿದರು.

ಆ ವರ್ಷದ ಪ್ರಶಸ್ತಿ ತುಂಬೆಕಟ್ಟೆಗೆ ಬಂತು. ಕಾಟಲಿಂಗಪ್ಪನವರು ಹಾರ ಹಾಕಿಸಿಕೊಂಡು ನಿವೃತ್ತರಾದರು. ಹೋಗುವ ಮುನ್ನ ಚಿತ್ರಲಿಂಗಪ್ಪನ ಪ್ರಕರಣವನ್ನು ಇತ್ಯರ್ಥಗೊಳಿಸಿದರು. ಅವನ ಎದೆಯಲ್ಲಿದ್ದ ಜಿಡ್ಡು ಮಾತ್ರೆಗಳಿಂದ ಕರಗಿರುವುದಾಗಿ ವೈದ್ಯರು ದೃಢೀಕರಿಸಿದ್ದರಿಂದ, ಅದನ್ನು ‘ಸಾಗಣೆಯಲ್ಲಿ ಸೋರಿಕೆ’ ಎಂದು ಮನ್ನಾ ಮಾಡಲಾಯಿತು. ದೇವಿಕಾ ಈಗ ಬೇರೆ ಊರುಗಳಿಂದ ಬರುವ ಎಂಜಿನಿಯರುಗಳಿಗೆ ತರಬೇತಿ ಕೊಡುತ್ತಾರೆ. ಒಬ್ಬ ತರುಣ ಎಂಜಿನಿಯರ್, ಊರಿನ ನಿಜವಾದ ಹೊಲಸು ಎಲ್ಲಿಗೆ ಹೋಗುತ್ತದೆ ಮೇಡಂ ಎಂದು ಕೇಳಿದ. ಅದು ಈ ಯೋಜನೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಅವರು ತಾಳ್ಮೆಯಿಂದ ತಿಳಿಸಿದರು. ಎಲ್ಲರೂ ಬರೆದುಕೊಂಡರು.

ಬೊಮ್ಮಕ್ಕ ಬೆಳಿಗ್ಗೆ ಎದ್ದು ಡೀಸೆಲ್ ಸುರಿಯುತ್ತಾಳೆ. ಹಿಂದೆ ನೇರವಾಗಿ ಬಂಕಿಗೆ ಹೋಗುತ್ತಿದ್ದ ಕಸದ ಆಟೊಗಳು ಈಗ ಚರಂಡಿಯ ಆ ತುದಿಗೆ ಹೋಗಿ ಸಾಲು ನಿಲ್ಲುತ್ತವೆ. ಸುರಿದ ಮೇಲೆ ಅವಳು ಕೈ ತೊಳೆದು ಹಿಟ್ಟು ಕಲಸುತ್ತಾಳೆ. ಎಷ್ಟು ತೊಳೆದರೂ ಡೀಸೆಲ್ ವಾಸನೆ ಹೋಗುವುದಿಲ್ಲ. ಶುರುವಿನಲ್ಲಿ ಗಿರಾಕಿಗಳು ಮುಖ ಕಿವುಚಿದರು, ಒಂದಿಬ್ಬರು ಉಗಿದರು. ಒಂದು ತಿಂಗಳಲ್ಲಿ ಮಾತು ನಿಂತಿತು.

ಮೊನ್ನೆ ಸರ್ಕಾರಿ ರಜೆ. ಚರಂಡಿಗೂ ರಜೆ. ಬೊಮ್ಮಕ್ಕ ಬಿಸಿನೀರಿನಲ್ಲಿ ಸೀಗೆಪುಡಿ ಹಾಕಿ ಮೊಣಕೈವರೆಗೂ ತಿಕ್ಕಿ ತೊಳೆದು, ಹೊಸ ಎಣ್ಣೆಯಲ್ಲಿ ಬಜ್ಜಿ ಕರಿದಳು. ಎಷ್ಟೋ ಕಾಲದ ಮೇಲೆ ಬರೀ ಬಜ್ಜಿಯ ಘಮ ಬಂತು. ಚಿಕ್ಕಜಾಜೂರಿಗೆ ಹೋಗುವ ರೈಲ್ವೆ ಕೆಲಸದ ತಿಮ್ಮೇಶ್ ಒಂದು ಕಚ್ಚಿ, ಅಗಿದು, ಪ್ಲೇಟನ್ನು ಹಿಂದಕ್ಕೆ ತಳ್ಳಿದ.

"ಇದೇನ್ ಬೊಮ್ಮಕ್ಕ, ಇವತ್ತು ರುಚೀನೇ ಇಲ್ಲ. ಏನೋ ಕಮ್ಮಿ ಐತೆ."

ಬೊಮ್ಮಕ್ಕ ಅವನ ಮುಖ ನೋಡಿದಳು. ಪಕ್ಕದಲ್ಲಿ ತಿನ್ನುತ್ತಿದ್ದವರೂ ಹೌದು ಎಂದು ತಲೆ ಆಡಿಸಿದರು. ಅವಳು ಗಾಡಿಯ ಕೆಳಗಿದ್ದ ಕ್ಯಾನಿನ ಮುಚ್ಚಳ ತಿರುಗಿಸಿ, ಬೆರಳು ಅದ್ದಿ, ಹಿಟ್ಟಿಗೆ ಒಂದು ಸುತ್ತು ಆಡಿಸಿದಳು.

"ಈಗ ನೋಡಪ್ಪ," ಎಂದು ಬಿಸಿ ಬಜ್ಜಿ ಮುಂದಿಟ್ಟಳು.

ತಿಮ್ಮೇಶ್ ತಿಂದ. ಬಸ್ಸು ಬಂದಿತ್ತು, ಆದರೂ ಇನ್ನೊಂದು ಪ್ಲೇಟು ಕಟ್ಟಿಸಿಕೊಂಡ.